ದುಗ್ಗಮ್ಮನ ಹೇಳಿಕೆ

೮ ಫೆಬ್ರವರಿ ೧೯೬೪, ಶನಿವಾರ. ಸಾಗರ

ಜೀಪಿನ ರೇಡಿಯೇಟರಿಗೆ ಮತ್ತೆ ನೀರು. ಇದು ಮೂರನೇ ದಿನ. ಊರುಗಳು ನೀರಿಗೆ ಹೋಗುವುದನ್ನು ಚಿತ್ರ ತೆಗೆಯಲು ಬಂದವರಿಗೆ ದಾರಿಯಲ್ಲಿ ಒಂದು ಕೊಡ ನೀರು ಸಿಗಲಿಲ್ಲ. ಡೈರೆಕ್ಟರಿಗೆ ಹೇಳಿದೆ. ನಕ್ಕರು. ಅರ್ಥವಾಯಿತೋ ಇಲ್ಲವೋ.

ಯೂನಿಟ್ ಅಂದರೆ ಮೂವರು. ಡೈರೆಕ್ಟರು, ಕ್ಯಾಮೆರಾದವರು, ದನಿ ಹಿಡಿಯುವ ಮಿಶನ್ನಿನವರು. ಬೊಂಬಾಯಿ ಜನ. ಶರಾವತಿ ಅಣೆಕಟ್ಟೆಯ ಬಗ್ಗೆ ಸರ್ಕಾರಕ್ಕೊಂದು ಡಾಕ್ಯುಮೆಂಟರಿ. ಕಟ್ಟೆ, ಕರೆಂಟು, ಕೊನೆಯಲ್ಲಿ ಊರು ಬಿಡುವವರದ್ದು ಮೂರು ನಿಮಿಷ. ಆ ಮೂರು ನಿಮಿಷಕ್ಕೆ ನಾನು ದುಭಾಷಿ.

ಪಾರ್ಟಿ ಆಫೀಸಿನಲ್ಲಿ ಗೇಲಿ. 'ಏನ್ ನಾಗರಾಜಪ್ಪೋರೆ, ಐವತ್ತೊಂದರಲ್ಲಿ ಸರ್ಕಾರದ ಜೈಲು, ಅರವತ್ನಾಲ್ಕರಲ್ಲಿ ಸರ್ಕಾರದ ಜೀಪು!' ಅನ್ನಲಿ. ಹನ್ನೆರಡು ವರ್ಷ ಕರಪತ್ರ ಬರೆದೆ. ಓದಿದವರು ಯಾರು? ಓದು ಬರುವವರಿಗೆ ಗದ್ದೆ ಬೇಕಿಲ್ಲ. ಗದ್ದೆ ಬೇಕಾದವರಿಗೆ ಓದು ಬರುವುದಿಲ್ಲ. ಸಿನಿಮಾ ಹಾಗಲ್ಲ. ಸರ್ಕಾರದ ಕಣ್ಣನ್ನೇ ತಿರುವಿ ಸರ್ಕಾರದ ಮುಖಕ್ಕೆ ಹಿಡಿಯುತ್ತೇನೆ. ಮೂರು ನಿಮಿಷ ಸಾಕು.

೧೧ ಫೆಬ್ರವರಿ, ಮಂಗಳವಾರ

ಹೆಬ್ಬೈಲು. ಇಪ್ಪತ್ತೆರಡು ಮನೆ, ಅದರಲ್ಲಿ ಹದಿನೇಳು ಒಕ್ಕಲು ಮನೆ. ಈ ಮಳೆಗಾಲಕ್ಕೆ ಮುಳುಗುವ ಪಟ್ಟಿಯಲ್ಲಿದೆ. ಜಮೀನು ಪೂರಾ ಒಡೆಯರು ಮುಕುಂದಯ್ಯನವರ ಹೆಸರಿಗೆ. ಅವರು ಪರಿಹಾರ ತೆಗೆದುಕೊಂಡು ತೀರ್ಥಹಳ್ಳಿ ಕಡೆ ಬೇರೆ ಜಮೀನು ನೋಡಿಯೂ ಆಯಿತು. ಉತ್ತವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಗೇಣಿಗೆ ಚೀಟಿ ಬರೆದುಕೊಟ್ಟ ಒಡೆಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಚೀಟಿ ಇಲ್ಲದ ಒಕ್ಕಲು ಕಚೇರಿಗೆ ಹೋಗಿ, ಉತ್ತದ್ದು ನಾನೇ ಎಂದು ಹೇಳಿಕೆ ಕೊಡಬೇಕು. ಕೊಟ್ಟರೆ ಬದಲಿ ಜಮೀನು. ಕೊಡದಿದ್ದರೆ ಹೊಸನಗರದ ಕಡೆ ಕಾಡಿನಲ್ಲಿ ಗುಡಿಸಲು ಹಾಕುವಷ್ಟು ಜಾಗ. ಅಷ್ಟೇ.

ಯೂನಿಟ್ಟನ್ನು ದುಗ್ಗಕ್ಕನ ಮನೆಗೆ ಕರೆದೊಯ್ದೆ. ಕಾಗೋಡು ಸತ್ಯಾಗ್ರಹದ ಹೊತ್ತಿನಲ್ಲಿ ನನ್ನ ಅವ್ವನ ಜೊತೆ ಗದ್ದೆಗಿಳಿದವಳು. ಲಾಠಿಗೆ ಮುರಿದ ಎಡಗೈ ಸೊಟ್ಟಗೇ ಕೂಡಿಕೊಂಡಿದೆ. ಗಂಡ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ನಾಲ್ಕು ಗದ್ದೆ ಒಬ್ಬಳೇ ಮಾಡುತ್ತಾಳೆ, ಅದೇ ಕೈಯಲ್ಲಿ.

'ಪ್ಯಾಂಟು ಹಾಕ್ಯಂಡು ಬಂದೀಯಲ್ಲ ತಮ್ಮಾ. ಜಪ್ತಿ ಅಮೀನ ಬಂದ ಅಂತ ಕೋಳಿ ಮುಚ್ಚಿಟ್ಟೆ' ಎಂದಳು.

ಡೈರೆಕ್ಟರು ಅವಳ ಸುತ್ತ ಒಂದು ಸುತ್ತು ಬಂದರು, ದನದ ವ್ಯಾಪಾರಕ್ಕೆ ಬಂದವರ ಹಾಗೆ. 'ವಾಟ್ ಎ ಫೇಸ್!' ಎಂದರು.

'ಎಂತ ಹೇಳ್ತಾನೆ ಆ ಪುಣ್ಯಾತ್ಮ?'

'ನಿನ್ನ ಮುಖ ಚೆನ್ನಾಗಿದೆಯಂತೆ.'

'ಮುಖ ಕೊಟ್ರೆ ಗದ್ದೆ ಕೊಡ್ತಾನಾ ಕೇಳು.'

ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಶೂಟಿಂಗ್ ಎಂದು ನಿಶ್ಚಯ. ದುಗ್ಗಕ್ಕ ಸುಲಭಕ್ಕೆ ಬಿಡುವವಳಲ್ಲ. ಇದು ಸರ್ಕಾರದ್ದೇ ಮಿಶನ್ನಾ? ಹೌದು. ಇದರ ಮುಂದೆ ಹೇಳಿದ್ದು ದೊಡ್ಡೋರಿಗೆ ಕೇಳ್ತದಾ? ಕೇಳುತ್ತೆ, ದಿಲ್ಲಿಯವರೆಗೆ ಕೇಳುತ್ತೆ.

'ಎಲ್ರೂ ಹೇಳಿಕೆ ಹೇಳಿಕೆ ಅಂತಾರಲ್ಲ, ಅದು ಇದೇಯಾ?'

'ಇದಕ್ಕಿಂತ ದೊಡ್ಡ ಹೇಳಿಕೆ ಯಾವುದಿದೆ ದುಗ್ಗಕ್ಕ!' ಎಂದೆ.

'ಭೂತದ ಹೇಳಿಕೆ ಕೇಳಿ ಗೊತ್ತು ಕಣಾ. ನಾನೇ ಹೇಳಿಕೆ ಕೊಡಾದು ಇದೇ ಮೊದ್ಲು. ಮೈಮೇಲೆ ಬರ್ಬೇಕಾ ಹಂಗಾರೆ?'

ಎಲ್ಲರೂ ನಕ್ಕೆವು. ಅರ್ಥವಾಗದ ಡೈರೆಕ್ಟರೂ ನಕ್ಕರು.

ಹೊರಡುವಾಗ ಕುಪ್ಪಸದೊಳಗಿಂದ ಒಂದು ಮಡಿಚಿದ ಕಾಗದ ತೆಗೆದಳು. ಊರ ಚಾಕರಿಯ ಉಗ್ರಾಣಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದನಂತೆ. 'ಓದಿ ಹೇಳು.' ಜೀಪು ಸ್ಟಾರ್ಟಾಗಿತ್ತು. ನಿಂತರೆ ಮತ್ತೆ ನಾಲ್ಕು ಜನ ತಳ್ಳಬೇಕು. ಶುಕ್ರವಾರ ಬರ್ತೀನಲ್ಲ, ಓದ್ತೀನಿ ಎಂದೆ. ಡೈರಿಯಲ್ಲಿಟ್ಟಿದ್ದೇನೆ.

೧೩ ಫೆಬ್ರವರಿ, ಗುರುವಾರ

ದನಿ ಮಿಶನ್ನಿನವರಿಗೆ ಜ್ವರ. ಪ್ರವಾಸಿ ಬಂಗಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಾರೆ.

ದುಗ್ಗಕ್ಕ ಏನು ಹೇಳಬೇಕು ಎಂದು ಒಂದು ಪುಟ ಬರೆದೆ. ಶೋಷಣೆ, ಶತಮಾನ, ಬೆವರು, ಎಲ್ಲ ಇತ್ತು. ಸರೋಜ ಓದಿದಳು. 'ಅವಳ ಬಾಯಿಗೆ ನಿಮ್ಮ ಕರಪತ್ರ ತುರುಕ್ತೀರಾ?' ಹರಿದುಹಾಕಿದೆ. ಹೆಂಡತಿ ಹೇಳಿದ್ದು ಸರಿ. ಗದ್ದೆಗಳ ಹೆಸರು ಹೇಳು ಸಾಕು ಅನ್ನುತ್ತೇನೆ.

ಡೈರಿಯಿಂದ ಇಣುಕುತ್ತಿದ್ದ ಕಾಗದ ನೋಡಿ 'ಇದೆಂಥದು?' ಎಂದಳು. ದುಗ್ಗಕ್ಕನದು, ನಾಳೆ ನೋಡ್ತೀನಿ ಅಂದೆ. ಡೈರೆಕ್ಟರು ಹೊರಗೆ ಹಾರ್ನ್ ಹೊಡೆಸುತ್ತಿದ್ದರು.

೧೪ ಫೆಬ್ರವರಿ, ಶುಕ್ರವಾರ

ಆಯಿತು. ಇಂಥದ್ದನ್ನು ನಾನು ನೋಡಿಲ್ಲ.

ಊರಿಗೆ ಹೋದಾಗ ಒಂಬತ್ತೂವರೆ. ದೊಡ್ಡವರು ಯಾರೂ ಇರಲಿಲ್ಲ. ಲಾರಿ ಹತ್ತಿ ಸಾಗರಕ್ಕೆ ಹೋಗಿದ್ದಾರೆ ಎಂದವು ಮಕ್ಕಳು. ಒಳ್ಳೆಯದಾಯಿತು, ಗದ್ದಲವಿಲ್ಲ ಎಂದರು ಡೈರೆಕ್ಟರು. ಹನ್ನೊಂದು ದಾಟಿದರೆ ಬಿಸಿಲು ಮುಖದ ಮೇಲೆ ನೆಟ್ಟಗೆ ಬೀಳುತ್ತದೆ, ಅಷ್ಟರೊಳಗೆ ಮುಗಿಯಬೇಕು ಎಂದು ಅವಸರ.

ಕಣದಲ್ಲಿ ನಿಲ್ಲಿಸಿದೆವು. ದುಗ್ಗಕ್ಕ ತಲೆಗೆ ಎಣ್ಣೆ ಹಚ್ಚಿ, ಮದುವೆಯ ಸೀರೆ ಉಟ್ಟಿದ್ದಳು. ಡೈರೆಕ್ಟರಿಗೆ ಹಿಡಿಸಲಿಲ್ಲ. ಕೆಲಸದ ಸೀರೆ ಉಡಿಸಿ ಎಂದರು. 'ಕಚೇರಿಗೆ ಹರಕು ಉಟ್ಕಂಡು ಹೋಗ್ತಾರಾ?' ಎಂದು ಗೊಣಗುತ್ತಾ ಉಟ್ಟು ಬಂದಳು.

ಒಂದನೇ ಸಲ ನೆಲ ನೋಡಿಕೊಂಡು ಹೇಳಿದಳು. ಎರಡನೇ ಸಲ ಹೇಳುತ್ತಿದ್ದಾಗ ಕೋಳಿ ಅಡ್ಡ ಬಂತು. ಮೂರನೇ ಸಲ ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟಳು.

'ನಾನು ದುಗ್ಗಮ್ಮ. ಕೆರಿಯಪ್ಪನ ಹೆಂಡ್ತಿ. ಹೊಂಡದ ಗದ್ದೆ ನಂದು. ಬಸರಿಮರದ ಗದ್ದೆ ನಂದು. ದೊಡ್ಡಮಕ್ಕಿ ನಂದು. ಕಿರುಮಕ್ಕಿ ನಂದು. ನಮ್ಮ ಮಾವ ಕಾಡು ಕಡಿದು ಮಾಡಿದ್ದು. ನಲವತ್ತು ವರ್ಷದಿಂದ ನಾನು ನಟ್ಟಿ ಮಾಡಿದ್ದು. ಒಡೇರು ಬಂದು ಒಂದು ದಿನ ಕೆಸರು ಮೆಟ್ಟಿಲ್ಲ. ಇದು ನನ್ನ ಹೇಳಿಕೆ.'

'ಓಕೆ' ಎಂದರು ಕ್ಯಾಮೆರಾದವರು. ವಾಚು ನೋಡಿದೆ. ಹನ್ನೊಂದಕ್ಕೆ ಐದು ನಿಮಿಷ.

ಆಮೇಲೆ ಹೊಳೆಯಿತು. ಮೈಕು ಎಲ್ಲಿ? ಕೇಳಿದೆ. ದನಿ ಮಿಶನ್ನು ಬಂಗಲೆಯಲ್ಲೇ ಇದೆ ಎಂದರು ಡೈರೆಕ್ಟರು. ಈ ಕ್ಯಾಮೆರಾ ಚಿತ್ರ ಮಾತ್ರ ಹಿಡಿಯುತ್ತದಂತೆ. 'ಡೋಂಟ್ ವರಿ, ಕಾಮೆಂಟರಿ ಬೊಂಬಾಯಿಯಲ್ಲಿ ಹಾಕುತ್ತೇವೆ. ಆ ಮುಖಕ್ಕೆ ಮಾತು ಬೇಕಾ?' ಒಳ್ಳೆಯ ಮನುಷ್ಯ. ನಿಜವಾಗಿ ಹಾಗೇ ನಂಬಿದ್ದಾರೆ.

ದುಗ್ಗಕ್ಕನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಕೊಡದಿಂದ ನೀರು ಬಗ್ಗಿಸಿ ಮುಖ ತೊಳೆಯುತ್ತಿದ್ದಳು. 'ಹಗುರಾತು ಕಣಾ' ಅಂದಳು.

ಅವಳ ಕಾಗದ... ಡೈರಿ ಮನೆಯಲ್ಲೇ ಉಳಿದಿತ್ತು. ಅವಳೂ ಕೇಳಲಿಲ್ಲ.

೨೦ ಫೆಬ್ರವರಿ, ಗುರುವಾರ

ಯೂನಿಟ್ ಹೋಗಿ ಮೂರು ದಿನ.

ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಶೇಷಪ್ಪ ಸಿಕ್ಕ. ಮುಳುಗಡೆ ಕಚೇರಿಯ ಗುಮಾಸ್ತ. ಕಾಫಿ ಬಸಿಗೆ ಊದುತ್ತಾ ಹೇಳಿದ. 'ನಿಮ್ಮ ಹೆಬ್ಬೈಲಿಂದು ಮುಗೀತಲ್ರೀ. ಹದಿನೇಳರಲ್ಲಿ ಹದಿನಾರು ಒಕ್ಕಲು ಹೇಳಿಕೆ ಕೊಟ್ರು. ಸಾಹೇಬ್ರು ಎಲ್ಲರದ್ದೂ ಒಪ್ಪಿದ್ರು. ಒಂದು ಹೆಂಗಸು ಮಾತ್ರ ಬರ್ಲಿಲ್ಲ. ದುಗ್ಗಮ್ಮ ಕೋಂ ಕೆರಿಯಪ್ಪ.'

ಯಾವತ್ತು ಎಂದೆ.

'ಹದಿನಾಲ್ಕು. ಶುಕ್ರವಾರ, ಹನ್ನೊಂದು ಗಂಟೆಗೆ. ಜವಾನನ ಹತ್ರ ಮೂರು ಸಲ ಕೂಗಿಸಿದ್ವಿ. ಗೈರುಹಾಜರು ಅಂತ ಬರೆದ್ವಿ.'

ಮನೆಗೆ ಬಂದೆ. ಡೈರಿ ತೆಗೆದೆ. ಹನ್ನೊಂದನೇ ತಾರೀಖಿನ ಪುಟದಲ್ಲಿತ್ತು. ಸೈಕ್ಲೋಸ್ಟೈಲ್ ಮಾಡಿದ ನೋಟೀಸು. ಆರು ಸಾಲು. ಓದಲು ಅರ್ಧ ನಿಮಿಷ.

ಈ ವ್ಯವಸ್ಥೆಗೆ ಬೆಂಕಿ ಬೀಳಲಿ. ಅಕ್ಷರ ಕಲಿಸದ ಸರ್ಕಾರ ಅಕ್ಷರದಲ್ಲಿ ಕರೆ ಕಳಿಸುತ್ತದೆ. ಉಗ್ರಾಣಿಗೆ ಹೆಬ್ಬೆಟ್ಟು ಬೇಕು, ಓದಿ ಹೇಳುವುದು ಬೇಡ. ತಲೆಮಾರಿನಿಂದ ಚೀಟಿ ಕೊಡದ ಒಡೆಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಚೀಟಿ ಇಲ್ಲದವಳು ಸಾಬೀತು ಮಾಡಬೇಕು. ಇದು ಕಾನೂನಲ್ಲ, ಲೂಟಿ. ಇದನ್ನು...

ಕಾಗದ ನನ್ನ ಹತ್ತಿರ ಇತ್ತು.

೨೨ ಫೆಬ್ರವರಿ, ಶನಿವಾರ

ಹೆಬ್ಬೈಲಿಗೆ ಹೋದೆ. ಹೇಳಿಬಿಡೋಣ ಅಂತಲೇ ಹೋದದ್ದು. ದುಗ್ಗಕ್ಕ ಸೌದೆಗೆ ಹೋಗಿದ್ದಳು. ನೆರೆಮನೆಯ ಯಮುನಮ್ಮ ಜಗುಲಿಯಲ್ಲಿ ಕೂತು ಅಕ್ಕಿ ಗೇರುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

'ಅವತ್ತು ಲಾರಿ ಹತ್ತೋವಾಗ ಕರೆದ್ವಿ, ಬಾರೇ ದುಗ್ಗಿ ಅಂತ. ಬರ್ಲ. ನೀವು ಸರ್ಕಾರದ ಹತ್ರ ಹೋಗ್ರಿ, ನಮ್ಮ ನಾಗರಾಜ ಸರ್ಕಾರನ್ನೇ ನನ್ನ ಮನೆ ಬಾಗಿಲಿಗೆ ಕರ್ಕಂಡು ಬತ್ತಾನೆ ಅಂದ್ಲು. ಎಂಥಾ ಜಂಬ!' ಮೊರ ಕೊಡವಿದಳು. 'ನೀನು ಕಲ್ತವನು. ನೀನು ಹೇಳಿದ್ಮೇಲೆ ಸೈ ಅಂತ ನಾವೂ ಬಿಟ್ವಿ.'

ದುಗ್ಗಕ್ಕನಿಗೆ ಕಾಯದೆ ಬಂದೆ.

ಶೇಷಪ್ಪನನ್ನು ಮತ್ತೆ ಹಿಡಿದೆ. ಅವಳ ನೋಟೀಸನ್ನು ಯಾರೋ ಓದಿ ಹೇಳ್ತೀನಿ ಅಂತ ಈಸಿಕೊಂಡು ಓದದೆ ಇಟ್ಟುಕೊಂಡಿದ್ದರಂತೆ ಎಂದೆ. ದಾರಿ ಇದೆ ಎಂದ. ನೋಟೀಸು ಅವಳಿಗೆ ತಿಳಿಯಲಿಲ್ಲ ಎಂದು ಸಾಬೀತಾದರೆ ಮತ್ತೆ ವಿಚಾರಣೆ ಇಡುತ್ತಾರೆ. ಮೂವತ್ತು ದಿನದೊಳಗೆ.

'ಸಾಬೀತು ಹೇಗೆ?'

'ಓದಿ ಹೇಳ್ತೀನಿ ಅಂತ ಇಸ್ಕೊಂಡು ಯಾರು ಇಟ್ಕೊಂಡಿದ್ರೋ ಅವರು ಬಂದು ಹಾಗಂತ ಹೇಳಿಕೆ ಕೊಟ್ರೆ ಆಯ್ತು. ಒಂದು ಪುಟ. ಯಾರು ಇಟ್ಕೊಂಡಿದ್ದು, ಗೊತ್ತಾಯ್ತಾ?'

ವಿಚಾರಿಸ್ತೀನಿ ಎಂದೆ.

೭ ಮಾರ್ಚ್, ಶನಿವಾರ

ನಾಳೆ ತಾಲೂಕು ಸಮ್ಮೇಳನ. ಕಾರ್ಯದರ್ಶಿ ಸ್ಥಾನಕ್ಕೆ ನನ್ನ ಹೆಸರು. ಮುಳುಗಡೆಯ ಒಕ್ಕಲಿಗೆ ಬದಲಿ ಜಮೀನು, ಇದೇ ಮುಖ್ಯ ಠರಾವು. ಮಂಡಿಸುವುದು ನಾನು. ಈಗ ಕಚೇರಿಗೆ ಹೋಗಿ ನಾನೇ ಒಬ್ಬಳ ಜಮೀನು ಕಳೆದೆ ಎಂದು ಬರೆದುಕೊಟ್ಟರೆ ಠರಾವಿಗೆ ಏನು ಬೆಲೆ? ಮುಕುಂದಯ್ಯನ ಕಡೆಯವರು ತಮಟೆ ಬಡಿಯುತ್ತಾರೆ. ಒಂದು ಮನೆಯ ಪ್ರಶ್ನೆಯಲ್ಲ, ಹತ್ತಾರು ಊರಿನ ಪ್ರಶ್ನೆ.

ಸಮ್ಮೇಳನ ಮುಗಿಯಲಿ. ಇನ್ನೂ ಎಂಟು ದಿನ ಇದೆ.

ಸರೋಜ ಕೇಳಿದಳು, ದುಗ್ಗಕ್ಕನ ಕಾಗದ ಏನಾಯ್ತು? ಏನಿಲ್ಲ, ಹಳೇ ಕಾಗದ ಅಂದೆ. ಅವಳಿಗೆ ಓದು ಬರುತ್ತದೆ. ಡೈರಿಗೆ ಬೀಗ ಹಾಕುವ ಹಾಗಿಲ್ಲ. ಬೀರುವಿನ ಮೇಲಿಟ್ಟೆ.

೧೬ ಮಾರ್ಚ್, ಸೋಮವಾರ

ಮೂವತ್ತನೇ ದಿನ ನಿನ್ನೆ, ಭಾನುವಾರ. ಹಾಗಾಗಿ ಇವತ್ತೂ ನಡೆಯುತ್ತದೆ ಎಂದಿದ್ದ ಶೇಷಪ್ಪ.

ಮೂರು ಗಂಟೆಗೇ ಹೋದೆ. ಕಚೇರಿ ಎದುರಿನ ಹೋಟೆಲಿನಲ್ಲಿ ಕೂತೆ. ಜೇಬಲ್ಲಿ ಬಿಳಿ ಕಾಗದ, ಪೆನ್ನು, ನೋಟೀಸು. ಪಾರ್ಟಿಯ ಇಬ್ಬರು ಬಂದು ಎದುರು ಕೂತರು. 'ಕಾರ್ಯದರ್ಶಿಗಳು ಇಲ್ಲೇನು?' ಠರಾವಿನ ಮಾತು, ಮೆರವಣಿಗೆಯ ಮಾತು. ನಾನೂ ಆಡಿದೆ. ಜೋರಾಗಿಯೇ ಆಡಿದೆ.

ಐದೂಕಾಲಿಗೆ ಜವಾನ ಕಚೇರಿ ಬಾಗಿಲು ಎಳೆದುಕೊಂಡ. ಬೀಗ ಸರಿಯಾಗಿ ಬಿತ್ತಾ ಎಂದು ಎರಡು ಸಲ ಜಗ್ಗಿ ನೋಡಿದ.

೧೯ ಮೇ, ಮಂಗಳವಾರ

ಹೆಬ್ಬೈಲು ಖಾಲಿ. ನಾಲ್ಕು ಲಾರಿ. ಹದಿನಾರು ಮನೆಯವರು ಶಿಕಾರಿಪುರದ ದಾರಿ ಹಿಡಿದರು. ಅಲ್ಲಿ ಜಮೀನು ಕೊಟ್ಟಿದ್ದಾರೆ. ಬಂಜರೇ. ಆದರೂ ಹೆಸರಿಗಿದೆ. ದುಗ್ಗಕ್ಕನದೊಂದು ಲಾರಿ ಬೇರೆ ದಾರಿ. ರಿಪ್ಪನ್‌ಪೇಟೆ ದಾಟಿ ಕಾಡು.

ಸಾಮಾನೆಂದರೆ ಎರಡು ಹಂಡೆ, ಒನಕೆ, ಕೋಳಿ ಬುಟ್ಟಿ. ಬಾಗಿಲ ಚೌಕಟ್ಟು ಕಿತ್ತು ಹೇರಿಸಿದ್ದಳು. ಯಮುನಮ್ಮ ಲಾರಿಯ ಮೇಲಿಂದ ಕೂಗಿ ಅಳುತ್ತಿದ್ದಳು. ಇವಳು ಅಳಲಿಲ್ಲ. ನನ್ನ ಹತ್ತಿರ ಬಂದಳು.

'ಎಲ್ರಿಗೂ ಒಂದು ಕಡೆ, ನಂಗೊಂದು ಕಡೆ ಎಂತಕ್ಕೆ ತಮ್ಮಾ?'

ಕೋಳಿ ಬುಟ್ಟಿ ಎತ್ತಿ ಲಾರಿಗಿಟ್ಟೆ.

ಅವಳೇ ಸಮಾಧಾನ ಹೇಳಿದಳು. 'ನಂದು ದಿಲ್ಲಿಗೆ ಹೋಗಿ ಬರ್ಬೇಕಲ್ಲ. ತಡ ಆಗ್ತದೆ. ಅವರದ್ದು ಸಾಗರದ್ದೇ.'

ಹೌದು ಎಂದೆ. ಹೌದು ಎಂದೆ ನಾನು.

೩೦ ಜುಲೈ, ಗುರುವಾರ

ಹೆಬ್ಬೈಲಿಗೆ ನೀರು ಹತ್ತಿತಂತೆ. ಮೊದಲು ಹೋದದ್ದು ಹೊಂಡದ ಗದ್ದೆ. ದೋಣಿಯವರು ಹೇಳಿದರು.

೧೧ ನವೆಂಬರ್, ಬುಧವಾರ

ಫಿಲ್ಮು ಬಂದಿದೆ. ಟೆಂಟಿನಲ್ಲಿ, ಆಟಕ್ಕೆ ಮುಂಚೆ ತೋರಿಸುತ್ತಾರೆ. ಪಾರ್ಟಿಯವರು ನೋಡಿ ಬಂದರು. ಕಟ್ಟೆ ಭಾರಿ ಚೆನ್ನಾಗಿ ತೆಗೆದಿದ್ದಾರಂತೆ. ನಾನು ಹೋಗಲಿಲ್ಲ.

ಶೇಷಪ್ಪ ದಾರಿಯಲ್ಲಿ ನಿಲ್ಲಿಸಿದ. ಈ ಸಲ ಸುತ್ತುಬಳಸಲಿಲ್ಲ. 'ಉಳಿದ ಜಮೀನು ಹಂಚಿ ಡಿಸೆಂಬರ್‌ಗೆ ಫೈಲು ಮುಚ್ತಾರೆ. ಅವಧಿ ಮೀರಿದ್ರೂ ಮೇಲಿನವರು ಮನಸ್ಸು ಮಾಡಿದ್ರೆ ತೆಗೀಬಹುದು. ಆ ಕಾಗದ ಇಟ್ಕೊಂಡಿದ್ದವರು ಇನ್ನೂ ಬದುಕಿದ್ದಾರೇನ್ರೀ?'

ಗೊತ್ತಿದೆ ಅವನಿಗೆ. ಯಾವತ್ತಿನಿಂದಲೋ.

೧೪ ನವೆಂಬರ್, ಶನಿವಾರ

ಮಧ್ಯಾಹ್ನ ಮನೆಗೆ ಬಂದರೆ ಜಗುಲಿಯಲ್ಲಿ ದುಗ್ಗಕ್ಕ ಕೂತಿದ್ದಾಳೆ. ಮೈಲಿಗಟ್ಟಲೆ ನಡೆದು ಬಸ್ಸು ಹಿಡಿದು ಬಂದಿದ್ದಾಳೆ. ಸೊರಗಿದ್ದಾಳೆ. ಕಾಡಿನಲ್ಲಿ ಜ್ವರ. ಮೈಮೇಲೆ ಮದುವೆಯ ಸೀರೆ, ಈ ಸಲ ಯಾರೂ ಬಿಚ್ಚಿಸದ ಹಾಗೆ ಬಿಗಿದು ಉಟ್ಟಿದ್ದಾಳೆ.

'ನನ್ನ ಹೇಳಿಕೆ ಬಂತಂತಲ್ಲ! ಸೌದೆ ಲಾರಿಯವ ಹೇಳಿದ. ಪರದೆ ಮೇಲೆ ನೋಡ್ದೆ ನಿನ್ನ ಅಂದ.'

ಸರೋಜ ಅನ್ನ ಬಡಿಸಿದಳು. ನಾನು ಉಣ್ಣಲಿಲ್ಲ. ಆರೂವರೆ ಆಟಕ್ಕೆ ಮೂವರೂ ಹೋದೆವು. ಹೆಂಗಸರ ಕಡೆ ಸರೋಜ, ದುಗ್ಗಕ್ಕ. ಹಗ್ಗದ ಈಚೆ ನಾನು.

ಕಟ್ಟೆ ಬಂತು. ಕ್ರೇನು. ಸಂಗೀತ. ಆಮೇಲೆ ಹೆಬ್ಬೈಲು. ಈಗ ನೀರಿನಡಿ ಇರುವ ಕಣ ಬಿಸಿಲಲ್ಲಿ ಹೊಳೆಯುತ್ತಿತ್ತು. ದುಗ್ಗಕ್ಕನ ಮುಖ ಪರದೆ ತುಂಬ. ತುಟಿ ಅಲುಗುತ್ತಿದೆ. ದನಿ ಯಾವನದೋ, ಎಣ್ಣೆ ಸುರಿದಂಥ ಗಂಡಸಿನದು: 'ನಾಡಿಗೆ ಬೆಳಕು ನೀಡಲೆಂದು ಈ ತಾಯಿ ನಗುನಗುತ್ತಾ ತನ್ನ ಹಳೆಯ ಮನೆಗೆ ವಿದಾಯ ಹೇಳುತ್ತಿದ್ದಾಳೆ. ಹೊಸ ಭೂಮಿ, ಹೊಸ ಬಾಳು ಅವಳಿಗಾಗಿ ಕಾದಿವೆ.'

'ಅಲ್ಲ!'

ಹೆಂಗಸರ ಕಡೆಯಿಂದ. ಎದ್ದು ನಿಂತಿದ್ದಳು.

'ಅದಲ್ಲ ನಾ ಹೇಳಿದ್ದು! ಬಸರಿಮರದ ಗದ್ದೆ ನಂದು. ದೊಡ್ಡಮಕ್ಕಿ ನಂದು. ಕಿರುಮಕ್ಕಿ...'

ಪರದೆಯ ಮೇಲಿನ ತುಟಿಗೂ ಇವಳ ದನಿಗೂ ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ. ಒಂಬತ್ತು ತಿಂಗಳಾದರೂ ಒಂದಕ್ಷರ ಮರೆತಿಲ್ಲ. ಶಿಳ್ಳೆ ಬಿತ್ತು. 'ಕೂತ್ಕಳೇ ಅಜ್ಜಿ, ಹೀರೋಯಿನ್ ಬರೋ ಹೊತ್ತಾತು!' ಟೆಂಟೆಲ್ಲ ನಗು. ಅವಳು 'ಇದು ನನ್ನ ಹೇಳಿಕೆ' ಎನ್ನುವಷ್ಟರಲ್ಲಿ ಪರದೆಯ ಮೇಲೆ ಕರೆಂಟು ಕಂಬ ಬಂದಿತ್ತು.

ಹೊರಗೆ ಬಂದು ಮಣ್ಣಿನಲ್ಲಿ ಕೂತಳು.

'ನನ್ನ ದನಿ ಎಲ್ಲಿ ಹೋತು ನಾಗರಾಜ?'

ತಮ್ಮಾ ಅನ್ನಲಿಲ್ಲ.

ಆ ಮಿಶನ್ನು ದನಿ ಹಿಡಿಯುವುದಲ್ಲ ಎಂದೆ. ಅವತ್ತೇ ಗೊತ್ತಿತ್ತಾ ಎಂದಳು. ಗೊತ್ತಿತ್ತು ಎಂದೆ. ಸರೋಜ ನನ್ನನ್ನೇ ನೋಡುತ್ತಿದ್ದಳು. ಇನ್ನೊಂದನ್ನೂ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಜನ ಇದ್ದರು.

೧೫ ನವೆಂಬರ್, ಭಾನುವಾರ. ಬೆಳಿಗ್ಗೆ ೭

ಜಗುಲಿಯಲ್ಲಿ ಕೂತಿದ್ದಾಳೆ. ಏಳೂವರೆ ಬಸ್ಸಿಗೆ ಹೊರಟವಳು. ಕಾಫಿ ಮುಟ್ಟಲಿಲ್ಲ. ಒಂದೇ ಕೇಳಿದಳು.

'ನಾ ಕೊಟ್ಟ ಕಾಗ್ದ ನಿನ್ನ ಹತ್ರಾನೇ ಅದ್ಯಲ್ಲ. ಅದನ್ನಾರೂ ಕೊಡು. ಬೇರೆ ಯಾರ ಹತ್ರಾರೂ ಓದಿಸ್ಕತ್ತೀನಿ.'

ತರುತ್ತೇನೆ ಎಂದು ಒಳಗೆ ಬಂದೆ. ಬೀರುವಿನ ಮೇಲಿಂದ ಡೈರಿ ತೆಗೆದೆ. ಅವಳ ಮಡಿಕೆಯ ಗೆರೆ ಹಾಗೇ ಇದೆ. ಕೊಡುವುದೋ, ಓದುವುದೋ? ಕೊಟ್ಟರೆ ರಿಪ್ಪನ್‌ಪೇಟೆಯಲ್ಲಿ ಯಾವನೋ ಅಂಗಡಿಯವ ಓದುತ್ತಾನೆ. ನಾನೇ ಓದಬೇಕು. ಆಮೇಲೆ ನಾಳೆ ಸೋಮವಾರ, ಕಚೇರಿ. ಒಂದು ಪುಟ. ನಾನು, ನಾಗರಾಜಪ್ಪ ಬಿನ್ ಭೂತಪ್ಪ, ಕಾರ್ಯದರ್ಶಿ... ಅದು ಬೇಡ. ನಾಗರಾಜಪ್ಪ ಬಿನ್ ಭೂತಪ್ಪ. ಸಾಕು.

ಮೊದಲು ಇದನ್ನು ಓದಬೇಕು. 'ತಾವು ದಿನಾಂಕ ೧೪-೨-೬೪ ಬೆಳಿಗ್ಗೆ ೧೧ ಗಂಟೆಗೆ ತಪ್ಪದೆ ಖುದ್ದು ಹಾಜರಾಗಿ ಹೇಳಿಕೆ ಕೊಡತಕ್ಕದ್ದು.' ಅವಳಿಗೆ ತಾರೀಖು ತಿಳಿಯುವುದಿಲ್ಲ. ಹದಿನಾಲ್ಕು ಅಂದ್ರೆ ಯಾವತ್ತು ಎಂದು ಕೇಳುತ್ತಾಳೆ. ಹೇಳಬೇಕು. ಶುಕ್ರವಾರ ದುಗ್ಗಕ್ಕ. ಯಮುನಮ್ಮ ಲಾರಿಯಿಂದ ಕರೆದಳಲ್ಲ, ಆ ಬೆಳಿಗ್ಗೆ. ಅಲ್ಲಿ ಜವಾನ ಮೂರು ಸಲ ನಿನ್ನ ಹೆಸರು ಕೂಗಿದ. ಅದೇ ಹೊತ್ತಿಗೆ ನೀನು ಕಣದಲ್ಲಿ ನಿಂತು ಮೂರನೇ ಸಲ...

ಸರೋಜ ಕರೆಯುತ್ತಿದ್ದಾಳೆ. ದುಗ್ಗಕ್ಕ ಎದ್ದಳಂತೆ. ಬಸ್ಸಿನ ಹಾರ್ನ್. ಹೋಗಬೇಕು, ಈಗಲೇ, ಈ ಕಾಗದ ಹಿಡಿದುಕೊಂಡೇ...